ಹತ್ತಿ ಬಿಲ್ಲೆಯ ಪಾತಮ್ಮ

ಚಳ್ಳಕೆರೆಯ ಕೇಸಿನ್ ಫ್ಯಾಕ್ಟರಿಗೆ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದ ಮೊದಲ ವಾರ, ಗೋವರ್ಧನ ತಾನು ಹಾಲಿನ ಪುಡಿ ಮಾಡುವ ಜಾಗದಲ್ಲಿದ್ದೇನೆಂದೇ ನಂಬಿದ್ದ. ಬಿ.ಎಸ್ಸಿ. ಪಾಸಾದವನು, ಅದೂ ರಸಾಯನಶಾಸ್ತ್ರದಲ್ಲಿ ನೂರಕ್ಕೆ ಅರವತ್ತೆರಡು. ಇಷ್ಟಾದರೂ ಗೊತ್ತಿರಬೇಕಿತ್ತು, ಗೊತ್ತಿರಲಿಲ್ಲ. ಕೆಲಸದ ಆರ್ಡರಿನಲ್ಲಿ ‘ಹಾಲಿನ ಪ್ರೋಟೀನ್’ ಅಂತಿತ್ತು. ಹಾಲು ಅಂದಮೇಲೆ ಹಾಲು. ಶನಿವಾರ ಮೊಳಕಾಲ್ಮೂರಿಗೆ ಹೊರಡುವಾಗ ಗೋಡೌನಿನ ಒಡೆದ ಮೂಟೆಯೊಂದರಿಂದ ಅರ್ಧ ಕೆಜಿಯಷ್ಟು ಬಿಳಿ ಪುಡಿಯನ್ನು ಕವರಿಗೆ ತುಂಬಿಕೊಂಡ. ಮಗ ಸಂಪಾದಿಸಿ ತಂದ ಮೊದಲ ಪದಾರ್ಥವಾದ್ದರಿಂದ ಬಸ್ಸಿನಲ್ಲಿ ಅದನ್ನು ಕೆಳಗಿಡದೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ.

ಮನೆಯಲ್ಲಿ ಸೋದರಮಾವ ಬಂದು ಕೂತಿದ್ದರು. ಅವ್ವ ಶಾಂತಕುಮಾರಿ ಹೆಮ್ಮೆಯಿಂದ ಆ ಪುಡಿಯನ್ನೇ ಟೀಗೆ ಹಾಕಿದಳು. ಅದು ಕರಗಲಿಲ್ಲ, ಸಣ್ಣ ಮರಳಿನ ಹಾಗೆ ತಳಕ್ಕೆ ಕೂತಿತು. ಆಗ ಗೋವರ್ಧನ ತನ್ನ ವಿದ್ಯೆಯನ್ನು ಖರ್ಚು ಮಾಡಿದ. ಒಂದು ಚಿಟಿಕೆ ಅಡುಗೆ ಸೋಡಾ ಹಾಕು, ಕರಗುತ್ತದೆ ಎಂದ. ಹೇಳಿದಂತೆಯೇ ಕರಗಿತು. ಕರಗಿ ಅಂಟಾಯಿತು. ಸೌಟು ಪಾತ್ರೆಗೆ ಕಚ್ಚಿಕೊಂಡಿತು, ಸೋದರಮಾವ ಬರಿಗಂಟಲಲ್ಲಿ ಊರಿಗೆ ಹೋದರು. ಮಗ್ಗದ ಗುಂಡಿಯಲ್ಲಿ ಕೂತಿದ್ದ ಅಪ್ಪ ಎರ್ರಿಸ್ವಾಮಿ ಮಾತ್ರ ಎದ್ದು ಬಂದು, ಆ ಅಂಟನ್ನು ಬೆರಳಲ್ಲಿ ತೆಗೆದು ಸೀಳುಬಿಟ್ಟಿದ್ದ ಲಾಳಿಗೆ ಸವರಿ ನೂಲು ಸುತ್ತಿಟ್ಟರು. ಬೆಳಗಾಗುವಷ್ಟರಲ್ಲಿ ಲಾಳಿ ಕೂಡಿಕೊಂಡಿತ್ತು. “ಒಳ್ಳೆ ಅಂಟಿನ ಫ್ಯಾಕ್ಟರಿ ಸೇರಿದೀಯ ಬಿಡಪ್ಪ,” ಎಂದರು, ಬಹಳ ಸಂತೋಷದಿಂದ.

ಸೋಮವಾರ ಲ್ಯಾಬಿನಲ್ಲಿ ಇದನ್ನು ಹೇಳಿ ತನ್ನನ್ನು ತಾನೇ ಗೇಲಿ ಮಾಡಿಕೊಂಡು ಎಲ್ಲರನ್ನೂ ನಗಿಸಿದ. ನಗದೇ ಉಳಿದವಳು ಒಬ್ಬಳೇ, ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಪಾತಮ್ಮ.

“ಯಾವ ಮೂಟೆಯಿಂದ ತಗಂಡೆ?” ಎಂದು ಕೇಳಿದಳು. “ತಿನ್ನೋದೋ, ಅಂಟಿಸೋದೋ?”

ಎರಡು ಬಗೆ ಇರುತ್ತದೆಂಬುದು ಅವನಿಗೆ ಗೊತ್ತಾದದ್ದೇ ಆಗ. ಅವನಿಗಿಂತ ಮೂವತ್ತು ವರ್ಷ ದೊಡ್ಡವಳು, ಹೆಸರು ಬರೆಯುವುದಷ್ಟನ್ನೇ ಕಲಿತವಳು, ತಿನ್ನುವ ಕೇಸಿನ್ನು ಬೇರೆ, ಕಾಗದಕ್ಕೂ ಬಣ್ಣಕ್ಕೂ ಅಂಟಾಗಿ ಹೋಗುವ ಕೇಸಿನ್ನು ಬೇರೆ ಎಂದು ಅವನಿಗೆ ಪಾಠ ಹೇಳಿದಳು. ಬಿ.ಎಸ್ಸಿ. ಕೈಕಟ್ಟಿಕೊಂಡು ಕೇಳಿತು.

ಪಾತಮ್ಮ ನನ್ನಿವಾಳದಾಚೆಯ ಒಂದು ಹಟ್ಟಿಯವಳು. ಆಕೆಯ ತಾತ ದೊಡ್ಡೀರಪ್ಪ ದೇವರ ದನ ಕಾಯುವ ಕಿಲಾರಿ. ಆ ದನದ ಹಾಲು ಮೀಸಲು ಹಾಲು. ಅದನ್ನು ಮಾರುವಂತಿಲ್ಲ, ದೇವರಿಗೆ ಮುಟ್ಟುವವರೆಗೆ ಮನೆಯವರು ನೆಕ್ಕಿ ನೋಡುವಂತೆಯೂ ಇಲ್ಲ. ಕರೆದ ಹಾಲನ್ನು ಬಿಳಿ ಬಟ್ಟೆಯಲ್ಲಿ ಸೋಸುವ ಕೆಲಸ ಚಿಕ್ಕ ಹುಡುಗಿಯಾಗಿದ್ದ ಪಾತಮ್ಮನದು. ತಾತ ಹಾಲಿನ ಗಡಿಗೆಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ‘ಬಟ್ಟೆ ತೋರ್ಸು’ ಎನ್ನುತ್ತಿದ್ದ. ಆಕೆ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಅಗಲಿಸಬೇಕು. ಒಂದು ಕೂದಲು, ಒಂದು ಉಣ್ಣೆ ಹುಳ, ಒಂದು ಚೂರು ಸಗಣಿ ಕಂಡರೂ ಗಡಿಗೆಯಷ್ಟೂ ಹಾಲು ಕರುಗಳ ಪಾಲು. ಬಟ್ಟೆ ನೋಡಿ ಆದಮೇಲೆ ಅದನ್ನು ತೊಳೆದು ಬೇಲಿಯ ಮೇಲೆ ಒಣಗಹಾಕುವುದು. ದಿನಾ ಇದೇ.

ಮದುವೆಯಾದ ಗಂಡ ಚಿಕ್ಕೀರಪ್ಪ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂದೆ ಹೋಗಿಬಿಡುತ್ತಿದ್ದ. ಪಾತಮ್ಮ ಚಳ್ಳಕೆರೆಯ ಎಣ್ಣೆ ಗಿರಣಿಗೆ ಶೇಂಗಾ ಆರಿಸಲು ಬಂದಳು. ಬೂಸ್ಟು ಹಿಡಿದ ಕಾಳನ್ನು ಓಡುವ ಬೆಲ್ಟಿನ ಮೇಲಿಂದ ಹೆಕ್ಕುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದಳು. ಗಿರಣಿ ಮುಚ್ಚಿತು. ಬೇರೆ ಯಾರೋ ಕೊಂಡು ಅಲ್ಲೇ ಕೇಸಿನ್ ಫ್ಯಾಕ್ಟರಿ ತೆಗೆದರು. ಗೋಡೆಗಳಿಗೆ ಸುಣ್ಣ ಹೊಡೆದರೂ ಹಳೆಯ ಎಣ್ಣೆ ಕಮಟು ಹೋಗಲಿಲ್ಲ. ಅದರ ಮೇಲೆ ಹೊಸ ಹುಳಿ ನಾತ ಬಂದು ಕೂತಿತು. ಕೆನೆ ತೆಗೆದ ಹಾಲಿಗೆ ಆಸಿಡ್ ಬಿಟ್ಟು ಒಡೆಸಿ, ಗಷ್ಟನ್ನು ತೊಳೆದು ಒಣಗಿಸಿ ಪುಡಿ ಮಾಡಿದರೆ ಕೇಸಿನ್. ಉಳಿದ ಹಳದಿ ನೀರು ಹಿಂದಿನ ಚರಂಡಿಗೆ. ಗೋವರ್ಧನ ಬಂದ ಹೊಸದರಲ್ಲಿ ಗಮನಿಸಿದ್ದ: ಆ ಚರಂಡಿಯ ದಂಡೆಯಲ್ಲಿ ನಾಯಿ ಕೂಡ ನಿಲ್ಲುತ್ತಿರಲಿಲ್ಲ. ಅವನು ಮಾತ್ರ ದಿನಾ ಮಧ್ಯಾಹ್ನ ಅಲ್ಲೇ ಹತ್ತಿರದ ಕಟ್ಟೆಯ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದ. ಸಂಬಳಕ್ಕೆ ಮೂಗಿರುವುದಿಲ್ಲ.

ಕಸ ಗುಡಿಸಲು ಉಳಿದಿದ್ದ ಪಾತಮ್ಮನನ್ನು ಲ್ಯಾಬಿಗೆ ಕರೆದವರು ಆಗಿನ ಕೆಮಿಸ್ಟು, ಪುಡಿಯಲ್ಲಿನ ಕಸ ನೋಡುವ ಪರೀಕ್ಷೆಗೆ. ಆ ಪರೀಕ್ಷೆ ಹೀಗಿದೆ: ಇಪ್ಪತ್ತೈದು ಗ್ರಾಂ ಪುಡಿಯನ್ನು ಬಿಸಿನೀರಿನಲ್ಲಿ ಒಂದು ಉಪ್ಪು ಹಾಕಿ ಕರಗಿಸಬೇಕು, ಕರಗಿದ್ದನ್ನು ರೂಪಾಯಿ ಬಿಲ್ಲೆಗಿಂತ ಸ್ವಲ್ಪ ದೊಡ್ಡದಾದ ಹತ್ತಿಯ ಬಿಲ್ಲೆಯ ಮೂಲಕ ಸೋಸಬೇಕು. ಬಿಲ್ಲೆಯ ಮೇಲೆ ಉಳಿದ ಕಸವನ್ನು ಗೋಡೆಯ ಮೇಲಿನ ನಾಲ್ಕು ಚಿತ್ರಗಳೊಂದಿಗೆ ಹೋಲಿಸಬೇಕು. ಮೂರನೆಯ ಚಿತ್ರದಷ್ಟು ಕಸವಿದ್ದರೂ ಪಾಸು. ನಾಲ್ಕನೆಯದಾದರೆ ಆ ಲಾಟು, ಅಂದರೆ ಒಂದೇ ಸಲಕ್ಕೆ ತಯಾರಾದ ಅಷ್ಟೂ ಪುಡಿ, ಮನುಷ್ಯರ ಹೊಟ್ಟೆಗಲ್ಲ. ಆಮೇಲೆ ಬಿಲ್ಲೆಯನ್ನು ಒಣಗಿಸಿ ರಿಜಿಸ್ಟರಿನಲ್ಲಿ ಅಂಟಿಸಿ ಸಹಿ ಮಾಡಬೇಕು. ಕೆಮಿಸ್ಟರಿಗೆ ಕಣ್ಣು ಮಂಜಾಗಿತ್ತು. ಶೇಂಗಾ ಆರಿಸಿದ ಈಕೆಯ ಕಣ್ಣು ಭೂತಗನ್ನಡಿಯನ್ನೂ ನಾಚಿಸುತ್ತಿತ್ತು.

ಮೊದಲ ವಾರದಲ್ಲೇ ಪಾತಮ್ಮ ಒಂದು ಎಡವಟ್ಟು ಮಾಡಿದ್ದಳು. ಕೆಮಿಸ್ಟರಿಗೆ ಬಿಲ್ಲೆ ತೋರಿಸಿದಳು, ಅವರು ಹೂಂ ಎಂದರು. ಆಕೆ ಅದನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದು, ಹಿಂಡಿ, ಕಿಟಕಿಯ ಸರಳಿಗೆ ಒಣಗಹಾಕಿದಳು. ಸಂಜೆ ರಿಜಿಸ್ಟರ್ ಬರೆಯಲು ಕೂತ ಕೆಮಿಸ್ಟರಿಗೆ ಆರು ಲಾಟಿನ ಆರು ಬಿಲ್ಲೆಗಳು ಗಾಳಿಗೆ ಆಡುತ್ತ ಕಂಡವು, ಮಲ್ಲಿಗೆಯಷ್ಟು ಬೆಳ್ಳಗೆ. ಹಟ್ಟಿಯಲ್ಲಿ ಹುಟ್ಟಿದವರು ಬಿಟ್ಟರೆ ಬೇರೆ ಯಾರಿಗೂ ಈ ತಪ್ಪು ಮಾಡಲು ಬರುತ್ತಿರಲಿಲ್ಲ. ಆರೂ ಪರೀಕ್ಷೆ ಮತ್ತೆ ಮಾಡಿಸಿದರು. ಈ ಕಥೆ ಫ್ಯಾಕ್ಟರಿಯಲ್ಲಿ ಇನ್ನೂ ಓಡಾಡುತ್ತಿತ್ತು.

ಕಾನೂನಿನ ಪುಸ್ತಕವನ್ನು ಗೋವರ್ಧನ ನಿಧಾನಕ್ಕೆ ಓದಿಕೊಂಡ. ನೀರು ನೂರಕ್ಕೆ ಹನ್ನೆರಡು ಮೀರಬಾರದು. ಒಣಭಾಗದಲ್ಲಿ ಪ್ರೋಟೀನ್ ತೊಂಬತ್ತಕ್ಕಿಂತ ಕೆಳಗೆ ಇಳಿಯಬಾರದು. ಕೊಬ್ಬು ಎರಡು, ಹಾಲಿನ ಸಕ್ಕರೆ ಒಂದು. ಕಸ ಇಪ್ಪತ್ತೈದು ಗ್ರಾಮಿಗೆ ಇಪ್ಪತ್ತೆರಡೂವರೆ ಮಿಲಿಗ್ರಾಂ. ಕಸಕ್ಕೂ ಕಾನೂನಿನಲ್ಲಿ ಇಷ್ಟು ಜಾಗ ಬಿಟ್ಟಿದ್ದಾರಲ್ಲ ಎಂದು ಅವನಿಗೆ ಮೊದಲು ಅಸಹ್ಯವಾಯಿತು. ಆಮೇಲೆ, ಅಷ್ಟರಲ್ಲೇ ನಿಂತರೆ ದೇವರ ದಯೆ ಎನ್ನಿಸಿತು.

ಅವನ ಪಾಲಿಗೆ ಬಂದದ್ದು ಪ್ರೋಟೀನ್ ಪರೀಕ್ಷೆ. ಪುಡಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರಲ್ಲಿರುವ ನೈಟ್ರೋಜನ್ ಅಳೆದು, ಆರು ಪಾಯಿಂಟ್ ಮೂರು ಎಂಟರಿಂದ ಗುಣಿಸಿದರೆ ಪ್ರೋಟೀನ್. ಕೇಳಲು ಗಂಭೀರವಾಗಿದೆ. ಆದರೆ ಆ ಯಂತ್ರ ಹಾಲನ್ನು ನೋಡುವುದಿಲ್ಲ, ನೈಟ್ರೋಜನ್ ಮಾತ್ರ ನೋಡುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಒಂದು ಹಿಡಿ ಬೆರೆಸಿದರೆ ಅದನ್ನೂ ಹಾಲೆಂದೇ ಎಣಿಸಿ ನಂಬರು ಕೊಡುತ್ತದೆ. ಗೋವರ್ಧನನೂ ಹಾಗೆಯೇ ಇದ್ದ. ಕೊಟ್ಟದ್ದನ್ನು ಕುದಿಸುತ್ತಿದ್ದ, ಬಂದದ್ದನ್ನು ಬರೆಯುತ್ತಿದ್ದ.

ಪಾತಮ್ಮ ಎರಡು ವರ್ಷದಿಂದ ಹಾಲು ಮುಟ್ಟುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಎಲ್ಲರೂ ಟೀ ಕುಡಿದರೆ ಆಕೆ ಕರೀ ಟೀ. ಯಾವುದೋ ದೇವರಿಗೆ ಹೊತ್ತ ಹರಕೆಯಿರಬೇಕೆಂದು ಗೋವರ್ಧನ ತಾನಾಗಿ ತೀರ್ಮಾನಿಸಿ ಗೌರವದಿಂದ ಸುಮ್ಮನಿದ್ದ. ಪಿಂಚಣಿ ಸಿಗಲು ಬೇಕಾದ ಹತ್ತು ವರ್ಷದ ಸೇವೆಗೆ ಆಕೆಗೆ ಇನ್ನು ಹನ್ನೊಂದು ತಿಂಗಳು ಬಾಕಿಯಿತ್ತು; ಗಿರಣಿಯ ಇಪ್ಪತ್ತು ವರ್ಷ ಯಾವ ಲೆಕ್ಕದಲ್ಲೂ ಇರಲಿಲ್ಲ. ಅದನ್ನು ಮಾತ್ರ ಆಕೆ ಎಲ್ಲರಿಗೂ ಹೇಳಿಕೊಂಡಿದ್ದಳು. ಕುರಿಗಳು ಗಂಡನವು, ಮನೆ ಮಗನದು, ಪಿಂಚಣಿಯೊಂದು ತನ್ನದು ಎನ್ನುತ್ತಿದ್ದಳು.

ಬೇಸಿಗೆಯಲ್ಲಿ ಹಾಲು ಸಾಲದೆ ಬಂತು. ಅದೇ ಹೊತ್ತಿಗೆ ಒಂದು ದೊಡ್ಡ ಆರ್ಡರೂ ಬಂತು. ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಶಕ್ತಿಪುಡಿ ಮಾಡುವ ಕಂಪನಿಯದು. ಮ್ಯಾನೇಜರ್ ರಾಮಾಂಜನೇಯ ಎಲ್ಲಿಂದಲೋ ಒಂದು ಲಾರಿ ಕೇಸಿನ್ ಮೂಟೆ ತರಿಸಿದರು. ಮೂಟೆಗಳ ಮೇಲೆ ಕೆಂಪಕ್ಷರದಲ್ಲಿ ‘ತಿನ್ನಲು ಅಲ್ಲ’ ಎಂಬರ್ಥದ ಇಂಗ್ಲಿಷಿತ್ತು. ಹಮಾಲಿಗಳು ಅವನ್ನು ಮಿಕ್ಸರಿಗೆ ಸುರಿದು ಖಾಲಿ ಚೀಲಗಳನ್ನು ಒಳಮೈ ಹೊರಗಾಗಿ ತಿರುಗಿಸಿ ಮಡಚಿಟ್ಟರು. ಗೋವರ್ಧನ ಬಾಗಿಲಲ್ಲಿ ನಿಂತು ನೋಡಿದ. ಆ ಅಕ್ಷರ ಓದಲು ಬರುತ್ತಿದ್ದವನು ಅಲ್ಲಿ ಅವನೊಬ್ಬನೇ. ಓದಿದ, ಒಳಗೆ ಹೋಗಿ ಆಸಿಡ್ ಕುದಿಸಿದ. ಪ್ರೋಟೀನ್ ತೊಂಬತ್ತೊಂದು ಬಂತು. ಯಾರೋ ಮೊದಲೇ ಯೋಚಿಸಿ ಏನನ್ನೋ ಬೆರೆಸಿದ್ದರು ಅನ್ನುವುದು ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದನ್ನು ಬರೆಯುವ ಕಾಲಂ ಫಾರಮ್ಮಿನಲ್ಲಿ ಇರಲಿಲ್ಲ.

ಅದೇ ಲಾಟನ್ನು ಪಾತಮ್ಮ ಸೋಸಿದಳು. ಬಿಲ್ಲೆ ಒಣಗಿದ ಮೇಲೆ ಕಿಟಕಿಯ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಚಿತ್ರಗಳ ಕಡೆ ತಿರುಗಲೇ ಇಲ್ಲ. ನಾಲ್ಕನೆಯ ಚಿತ್ರವೂ ಇದರ ಮುಂದೆ ನಾಚಿಕೊಳ್ಳುತ್ತಿತ್ತು. ಗೋಣಿಯ ಎಳೆ, ಯಾವುದೋ ಹುಳದ ಅರ್ಧ ರೆಕ್ಕೆ, ಸುಟ್ಟ ಚೂರುಗಳು. ನಡುವೆ ಜೀರಿಗೆಯಷ್ಟು ಉದ್ದದ, ಎರಡೂ ತುದಿ ಚೂಪಾದ ಕರಿಯ ಒಂದು ಚೂರು.

“ಇಲಿ ಹಿಕ್ಕೆ,” ಎಂದಳು ಪಾತಮ್ಮ. ದನಿಯಲ್ಲಿ ಏರಿಳಿತವಿರಲಿಲ್ಲ.

ಪಾತಮ್ಮ ಬಿಲ್ಲೆಯನ್ನು ರಿಜಿಸ್ಟರಿನಲ್ಲಿ ಅಂಟಿಸಿ, ಗೋವರ್ಧನನ ಕೈಯಲ್ಲಿ ‘ನಾಲ್ಕು’ ಎಂದು ಹಾಕಿಸಿ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆದಳು.

ರಾಮಾಂಜನೇಯ ಬರಲು ತಡವಾಗಲಿಲ್ಲ. ಅವರು ಜೋರು ಮಾಡುವವರಲ್ಲ. ಮಗ್ಗುಲಲ್ಲಿ ಕುರ್ಚಿ ಎಳೆದುಕೊಂಡು ಮನೆಯವರಂತೆ ಮಾತಾಡುವವರು. ಗುರುವಾರ ಕಂಪನಿಯಿಂದ ತಪಾಸಣೆಗೆ ಬರುತ್ತಾರೆ ಎಂದರು. ಮಿಕ್ಕ ಎಲ್ಲ ಪರೀಕ್ಷೆಯಲ್ಲೂ ಲಾಟು ಪಾಸಾಗಿದೆ, ಒಂದು ಹತ್ತಿ ಚೂರಿಗಾಗಿ ನೂರು ಜನರ ಅನ್ನ ಹೋಗಬೇಕೇ ಎಂದರು. ಹೇಗೂ ಅವರು ಅದನ್ನು ಕಾಯಿಸಿ, ಕೋಕೋ ಬೆರೆಸಿ, ಡಬ್ಬಿಗೆ ತುಂಬುವವರು. ಇಲಿಯಾದರೇನು, ಹುಲಿಯಾದರೇನು ಎಂದು ನಕ್ಕರು. ಕೊನೆಗೆ ಆ ಹಳೆಯ ಕಥೆಯನ್ನು ಎತ್ತಿದರು.

“ಅವತ್ತು ಆರು ಬಿಲ್ಲೆ ತೊಳೆದು ಒಣಗಾಕಿದ್ದೆಯಲ್ಲವ್ವ. ಇವತ್ತು ಇದೊಂದು ತೊಳಿ.”

“ತೊಳೆಯೋದು ತೋರ್ಸಿದ ಮೇಲೆ ಸಾರ್,” ಎಂದಳು ಪಾತಮ್ಮ. “ಇನ್ನೂ ಯಾರ್ಗೂ ತೋರ್ಸಿಲ್ಲ.”

ಅವರು ನಗುವುದನ್ನು ನಿಲ್ಲಿಸದೆಯೇ, ಮುಂದಿನ ತಿಂಗಳು ಕಾಂಟ್ರಾಕ್ಟಿನವರ ಹೆಸರುಗಳನ್ನು ಹೊಸದಾಗಿ ಬರೆಯುತ್ತಿದ್ದೇವೆ, ಹನ್ನೊಂದು ತಿಂಗಳು ಅಂದರೆ ಸಣ್ಣದೇನಲ್ಲ ಎಂದು ನೆನಪು ಮಾಡಿದರು. ಪಾತಮ್ಮ ತನ್ನ ಎರಡು ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅವನ್ನೇ ನೋಡುತ್ತ ಕೂತಳು. ಆಗೋದಿಲ್ಲ ಎನ್ನಲಿಲ್ಲ. ಏಳಲೂ ಇಲ್ಲ.

ಆಗ ರಾಮಾಂಜನೇಯರ ಮುಖ ಗೋವರ್ಧನನ ಕಡೆ ತಿರುಗಿತು. “ಲೇ ಬಿ.ಎಸ್ಸಿ.,” ಎಂದರು, ಅಷ್ಟೇ. ಇನ್ನೇನೂ ಹೇಳಬೇಕಾಗಲಿಲ್ಲ.

ತಾನು ತಡವರಿಸಿದೆ ಎಂದು ಆಮೇಲೆ ಎಷ್ಟೋ ಸಲ ಅವನು ನೆನಪಿಸಿಕೊಳ್ಳಲು ನೋಡಿದ. ತಡವರಿಸಿರಲಿಲ್ಲ. ಬ್ಲೇಡಿನಿಂದ ಬಿಲ್ಲೆಯನ್ನು ಎಬ್ಬಿಸಿದ. ಕೈ ಎಷ್ಟು ಚೊಕ್ಕವಾಗಿ ಕೆಲಸ ಮಾಡಿತೆಂದರೆ ಕಾಲೇಜಿನಲ್ಲಿ ಅಷ್ಟು ಚೊಕ್ಕವಾಗಿ ಮಾಡಿದ್ದರೆ ಎಪ್ಪತ್ತೈದು ಬರುತ್ತಿತ್ತು. ಚಳಿಗಾಲದ ಒಂದು ಒಳ್ಳೆಯ ಲಾಟಿನ ಬಿಲ್ಲೆ ಡ್ರಾಯರಿನಲ್ಲಿ ಹೆಚ್ಚುವರಿ ಇತ್ತು. ಲ್ಯಾಬಿನ ಕೇಸಿನ್ ಅಂಟನ್ನೇ ಸವರಿ ಅದನ್ನು ಕೂರಿಸಿದ. ‘ನಾಲ್ಕು’ ಅನ್ನು ಗುರುತು ಸಿಗದಂತೆ ಕೆರೆದು ‘ಎರಡು’ ಮಾಡಿದ. ಪಕ್ಕದ ಸಹಿ ಪಾತಮ್ಮನದೇ ಉಳಿಯಿತು. ಕಿತ್ತ ಬಿಲ್ಲೆಯನ್ನು ಚರಂಡಿಗೆ ಎಸೆಯಲು ಹೇಳಿದ್ದರು. ಅಷ್ಟಕ್ಕೂ ಧೈರ್ಯವಿಲ್ಲದೆ ಅಂಗಿಯ ಜೇಬಿಗೆ ಹಾಕಿಕೊಂಡ. ಮೂರು ಸಲ ಕೈ ತೊಳೆದ. ಕೈ ಮೂಸಿ ನೋಡಿದ. ಮತ್ತೆ ತೊಳೆದ.

ಸಂಜೆ ಗೇಟಿನ ಹೊರಗೆ ಬಸ್ಸಿಗೆ ಕಾಯುತ್ತಿದ್ದ ಪಾತಮ್ಮನ ಪಕ್ಕ ಹೋಗಿ ನಿಂತ. ಎಲ್ಲಾ ಕಡೆಯೂ ಹೀಗೇ ನಡೆಯುತ್ತೆ ಅಕ್ಕ ಎಂದ. ಆಕೆ ತಿರುಗಿ ನೋಡಿದಳು.

“ಎಲ್ಲಾ ಕಡೆ ಹೋಗಿ ನೋಡ್ಕಂಡು ಬಂದೀಯೇನಪ್ಪ? ಹೋದ ವಾರ ತಾನೆ ರೂಮು ಬಿಟ್ಟು ಮೊಳಕಾಲ್ಮೂರಿಗೋಗೋಕೆ ಬಸ್ಸಿಗೆ ಕಾಸಿಲ್ಲ ಅಂತಿದ್ದೆ.”

ಅವನು ನಿಜವಾಗಿ ಕೇಳಬೇಕಾದ್ದನ್ನು ಕೇಳಿದ. ಗುರುವಾರ ಬರುವವರಿಗೆ ನೀನು ಹೇಳಿಬಿಡುತ್ತೀಯಾ?

“ಕೇಳಿದ್ರೆ ಹೇಳ್ತೀನಿ. ಕೇಳ್ದಿದ್ರೆ ನಾನ್ಯಾಕೆ ಹೋಗಿ ಹೇಳ್ಲಿ? ನನ್ಗೂ ಹೊಟ್ಟೆ ಐತೆ,” ಎಂದಳು. “ನಮ್ ತಾತ ದಿನಾ ಬಟ್ಟೆ ತೋರ್ಸು ಅಂತಿದ್ದ. ಅವ್ನು ಕೇಳ್ದಿದ್ದಿದ್ರೆ ನಾನೂ ತೋರ್ಸ್ತಿರ್ಲಿಲ್ವೇನೋ. ಯಾರಿಗ್ಗೊತ್ತು.”

ಬಸ್ಸು ಬಂತು. ಹತ್ತಿದಳು. ಅವನು ರೂಮಿಗೆ ಹೋಗಿ ಹಾಲು ತರಿಸದೆ ಕರೀ ಟೀ ಮಾಡಿಕೊಂಡ, ಅದೂ ಕುಡಿಯಲಾಗಲಿಲ್ಲ.

ಗುರುವಾರ ಬಂದವಳು ಸೌಂದರ್ಯ ಎಂಬ ಹುಡುಗಿ. ಗೋವರ್ಧನನ ವಯಸ್ಸಿನವಳೇ, ಅವನಿಗಿಲ್ಲದ ಒಂದು ನೆಟ್ಟ ನೋಟ ಅವಳಿಗಿತ್ತು. ಎಳನೀರು ಕೊಟ್ಟರೆ ಆಮೇಲೆ ಎಂದಳು. ಮಿಕ್ಸರಿನ ಒಳಗೆ ಟಾರ್ಚ್ ಬಿಟ್ಟು ನೋಡಿದಳು. ಅವನ ಪ್ರೋಟೀನ್ ಲೆಕ್ಕವನ್ನು ನೋಡಿ ತಲೆಯಾಡಿಸಿದಳು. ರಿಜಿಸ್ಟರಿನ ಹಾಳೆ ತಿರುವಿದಳು, ಬಿಲ್ಲೆಗಳನ್ನು ಒಂದೊಂದಾಗಿ ಕಂಡಳು. ಆ ಲಾಟಿನ ಹಾಳೆ ಬಂತು, ನೋಡಿದಳು, ಮುಂದಿನದಕ್ಕೆ ಹೋದಳು. ಗೋವರ್ಧನನ ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆಯೇ ಹೇಸಿಕೆ ಬಂತು. ಎರಡೂ ಏಕಕಾಲಕ್ಕೆ ಆಗಬಹುದು ಎಂದು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಸೌಂದರ್ಯ ಹಾಳೆಯನ್ನು ಹಿಂದಕ್ಕೆ ತಿರುಗಿಸಿದಳು. ಬೆರಳಿಟ್ಟಳು. ಮಿಕ್ಕ ಹಾಳೆಗಳಲ್ಲಿ ಸಹಿ ಬಿಲ್ಲೆಯಿಂದ ಒಂದಿಷ್ಟು ದೂರದಲ್ಲಿತ್ತು. ಇದರಲ್ಲಿ ‘ಪಾತಮ್ಮ’ದ ಮೊದಲ ಅಕ್ಷರದ ಅಂಚು ಬಿಲ್ಲೆಯ ಕೆಳಗೆ ಹೊಕ್ಕಿತ್ತು. ಸಹಿ ಮೊದಲು, ಬಿಲ್ಲೆ ಆಮೇಲೆ. ಅಷ್ಟು ಚೊಕ್ಕ ಕೆಲಸದಲ್ಲಿ ಕೂದಲೆಳೆಯಷ್ಟು ಜಾರಿತ್ತು.

“ಅಮ್ಮಾ, ಈ ಬಿಲ್ಲೆ ಈ ಲಾಟಿಂದೇನಾ?” ಎಂದಳು.

ರಾಮಾಂಜನೇಯ ಬಾಯಿ ತೆರೆಯುವುದರೊಳಗೆ ಪಾತಮ್ಮ “ಅಲ್ಲ ಕಣವ್ವ,” ಎಂದಳು.

ಆಮೇಲೆ ಬಹಳ ಮಾತಾಯಿತು, ಎಲ್ಲ ರಾಮಾಂಜನೇಯರದೇ. ವಯಸ್ಸಾದ ಹೆಂಗಸು, ಓದಿಲ್ಲ, ಬಿಲ್ಲೆಗಳನ್ನು ಕಲಸಿಬಿಡುತ್ತಾಳೆ, ಹಿಂದೆ ಒಂದು ಸಲ ತೊಳೆದೇ ಇಟ್ಟಿದ್ದಳು ಎಂದು ಆ ಕಥೆಯನ್ನು ಎರಡನೆಯ ಬಾರಿ ಬಳಸಿದರು. ಸೌಂದರ್ಯ ಕೇಳಿಸಿಕೊಂಡಳು. ಕೇಳಿಸಿಕೊಂಡು, ಗೋಡೌನಿನಲ್ಲಿರುವ ಲಾಟಿನಿಂದ ತಾನೇ ಪುಡಿ ತೆಗೆದು ತಂದು ಪಾತಮ್ಮನ ಮುಂದಿಟ್ಟಳು. ನನ್ನ ಎದುರಿಗೆ ಸೋಸಿ ಎಂದಳು.

ಪಾತಮ್ಮ ಅವಸರ ಮಾಡಲಿಲ್ಲ. ನೀರು ಕಾಯಿಸಿದಳು, ತೂಗಿದಳು, ಕರಗಿಸಿದಳು, ಸೋಸಿದಳು. ಗೋವರ್ಧನನ ಜೇಬಿನಲ್ಲಿ ಆ ಮೊದಲ ಬಿಲ್ಲೆ ಇನ್ನೂ ಇತ್ತು. ಈಗ ತೆಗೆದು ಮೇಜಿನ ಮೇಲಿಟ್ಟರೆ, ಕಿತ್ತದ್ದು ನಾನೇ ಎಂದರೆ, ಪಾತಮ್ಮ ಬಿಲ್ಲೆ ಕಲಸಿದಳೆಂಬ ಮಾತು ಅಲ್ಲಿಗೇ ಬೀಳುತ್ತಿತ್ತು. ಕೈ ಜೇಬಿನವರೆಗೆ ಹೋಯಿತು. ಬಿಲ್ಲೆಯನ್ನು ಬಟ್ಟೆಯ ಮೇಲಿಂದಲೇ ಮುಟ್ಟಿತು. ಬರಿದಾಗಿ ವಾಪಸು ಬಂತು.

ಹೊಸ ಬಿಲ್ಲೆ ಒಣಗಿತು. ಪಾತಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಗಲಿಸಿ ತೋರಿಸಿದಳು. ಸೌಂದರ್ಯ ಹತ್ತಿರ ಬಂದು ನೋಡಿದವಳು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು. ಲಾಟು ತಿರಸ್ಕೃತ ಎಂದು ಬರೆದಳು. ರಾಮಾಂಜನೇಯ ಎಳನೀರನ್ನು ತಾವೇ ಕುಡಿದು ಬುರುಡೆ ಕೆಳಗಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಪಾತಮ್ಮನಿಗೆ ಒಳ್ಳೆಯ ಹೆಸರಾಗುತ್ತಿತ್ತು. ಕೆಲಸದಿಂದ ತೆಗೆದರೂ ನಿಮ್ಮ ಪರವಾಗಿ ಬರೆದುಕೊಡುತ್ತೇನೆ ಎಂದು ಸೌಂದರ್ಯ ಆಗಲೇ ಹೇಳಿದ್ದಳು. ನಿಮ್ಮಂಥವರು ಒಬ್ಬರಿದ್ದರೆ ಸಾಕು ಎಂದೂ ಹೇಳಿದ್ದಳು. ಆದರೆ ಫಾರಮ್ಮಿನಲ್ಲಿ ಇನ್ನೊಂದು ಸಾಲು ಉಳಿದಿತ್ತು. ಅವಳಿಗೇ ಮುಜುಗರವಾದಂತೆ ಪೆನ್ನು ಹಿಡಿದುಕೊಂಡು, ದನಿ ತಗ್ಗಿಸಿ ಕೇಳಿದಳು. “ಇದಕ್ಕಿಂತ ಮುಂಚೆ ಯಾವತ್ತಾದ್ರೂ ಹಿಂಗೆ ಬಿಲ್ಲೆ ಬದಲಾಯಿಸಿದ್ದು ಇದೆಯಾ ಅಮ್ಮ?”

ರಾಮಾಂಜನೇಯ ಛೇ ಛೇ ಎಂದರು. ಗೋವರ್ಧನ ನೆಲ ನೋಡಿದ. ಇಲ್ಲ ಎನ್ನಲಿ ಎಂದು ಅವನೂ ಮನಸ್ಸಿನಲ್ಲೇ ಬೇಡಿಕೊಂಡ; ಆಕೆಗಾಗಿಯೋ ತನಗಾಗಿಯೋ ತಿಳಿಯದು.

ಪಾತಮ್ಮ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

“ಎರಡು ಸಲ. ಹೋದೊರ್ಸದ ಹಿಂದ್ಲೊರ್ಸ. ಎರಡು ಸಲಾನೂ ಬದಲಾಯಿಸಿದ್ದು ನಾನೇ. ಅವತ್ತಿಂದ ಹಾಲು ಮುಟ್ಟಿಲ್ಲ. ಬರ್ಕೊಳವ್ವ.”